ಅಡುಗೆಮನೆಯ ಗೋಡೆಗೆ ಎಂಬತ್ತು ತಿಳಿ

ನಮ್ಮೂರಿನಲ್ಲಿ ನಕ್ಷೆ ಕಚೇರಿಯ ನೌಕರನಿಗೆ ಹೆಣ್ಣು ಕೊಡುವವರು ಮೊದಲು ಕೇಳುವುದು ಸಂಬಳದ ವಿಚಾರವಲ್ಲ. ಹುಡುಗನ ಕಣ್ಣು ಹೇಗೆ ಎಂದು ಕೇಳುತ್ತಾರೆ. ಕಂಡವರ ಮನೆಯೊಳಗೆ ಇಣುಕುವ ಚಟವೇನಾದರೂ ಇದೆಯೇ ಎಂಬುದು ಅವರ ಚಿಂತೆ. ನನ್ನ ಬಗ್ಗೆ ಕೇಳಿದಾಗ ಇಡೀ ಬೀದಿ ಒಂದೇ ಮಾತು ಹೇಳಿತ್ತಂತೆ, ಶ್ರೀಪಾಲನ ಕಣ್ಣು ಸದಾ ನೆಲದ ಮೇಲೇ ಇರುತ್ತದೆ ಎಂದು. ಆ ಮಾತನ್ನು ನಂಬಿ ಪ್ರಮೀಳಾಳನ್ನು ನನಗೆ ಕೊಟ್ಟರು. ಹದಿನಾರು ವರ್ಷ ಆ ಮಾತನ್ನು ಉಳಿಸಿಕೊಂಡೆ. ಹದಿನೇಳನೆಯ ವರ್ಷ ಏನು ಮಾಡಿದೆ ಎಂದು ಹೇಳಲು ಈಗ ಕೂತಿದ್ದೇನೆ. ಹೇಳಿಬಿಟ್ಟರೆ ಮನಸ್ಸು ಹಗುರವಾಗುತ್ತದೆ ಎಂಬ ಭ್ರಮೆಯೇನೂ ನನಗಿಲ್ಲ.

ಊರಿನ ಪ್ರತಿ ಮನೆಗೂ ಕಚೇರಿಯ ಕಂಪ್ಯೂಟರಿನಲ್ಲಿ ಒಂದು ಮಾದರಿ ಇದೆ. ತಳಪಾಯದಿಂದ ಸೂರಿನವರೆಗೆ ಎಲ್ಲವೂ ಗಟ್ಟಿ ಗಟ್ಟಿ ತುಂಡುಗಳಾಗಿ ಅದರಲ್ಲಿರುತ್ತದೆ. ಮಾದರಿಯ ಯಾವ ತುಂಡನ್ನು ಪಾರದರ್ಶಕ ಮಾಡಿ ಸೇವ್ ಒತ್ತುತ್ತೇವೋ, ಊರಿನಲ್ಲಿರುವ ನಿಜವಾದ ಮನೆಯ ಆ ಭಾಗವೂ ಅಷ್ಟೇ ಪಾರದರ್ಶಕವಾಗುತ್ತದೆ. ಗೋಡೆ ಎಲ್ಲಿಗೂ ಹೋಗುವುದಿಲ್ಲ. ಅದಕ್ಕೆ ಒರಗಬಹುದು, ಮೊಳೆ ಹೊಡೆದು ಕ್ಯಾಲೆಂಡರ್ ತೂಗುಹಾಕಬಹುದು. ಆಚೆಯದು ಕಾಣುತ್ತದೆ, ಅಷ್ಟೆ. ಪಾರದರ್ಶಕ ಎಂಬ ಉದ್ದನೆಯ ಮಾತು ಕಚೇರಿಯ ಕಾಗದದಲ್ಲಿ ಮಾತ್ರ ಇದೆ, ಜನ ತಿಳಿ ಎನ್ನುತ್ತಾರೆ. ಹತ್ತು ತಿಳಿ ಮಾಡಿದರೆ ಗೋಡೆಯೊಳಗಿನ ನೀರಿನ ಪೈಪು ಕಾಣುತ್ತದೆ. ನಲವತ್ತಕ್ಕೆ ಒಳಗೆ ಓಡಾಡುವವರ ನೆರಳು ಕಾಣುತ್ತದೆ. ಎಂಬತ್ತು ಮಾಡಿದರೆ ಒಲೆಯ ಮೇಲಿನ ಪಾತ್ರೆಯಲ್ಲಿ ಏನು ಬೇಯುತ್ತಿದೆ ಎಂದು ಹೇಳಬಹುದು.

ಇಲಿ ಎಲ್ಲಿ ಮರಿ ಹಾಕಿದೆ, ಗೆದ್ದಲು ಎಲ್ಲಿಯವರೆಗೆ ಬಂದಿದೆ, ಮಗು ಬಿರುಕಿಗೆ ತೂರಿಸಿದ ಉಂಗುರ ಎಲ್ಲಿ ಕೂತಿದೆ ಎಂದು ನೋಡಲು ಜನ ಅರ್ಜಿ ಹಿಡಿದು ಬರುತ್ತಾರೆ. ಮಾತು ಬಿಟ್ಟಿದ್ದ ಗಂಡ ಹೆಂಡತಿ ಒಟ್ಟಿಗೇ ಬಂದು ನಡುಗೋಡೆಗೆ ಐವತ್ತು ಹಾಕಿಕೊಡಿ ಎಂದು ಕೇಳಿದ್ದೂ ಉಂಟು. ಇನ್ನೊಬ್ಬರು ಊಟ ಮಾಡಿದರೋ ಇಲ್ಲವೋ ಇಬ್ಬರಿಗೂ ಗೊತ್ತಾಗಬೇಕಿತ್ತು, ಕೇಳಲು ಬಿಗುಮಾನ. ಯಾರದೇ ಗೋಡೆಯಾದರೂ ಮನೆಯವರು ಸಹಿ ಮಾಡಿದ ಹಳದಿ ಚೀಟಿ ಇಲ್ಲದೆ ಮುಟ್ಟುವಂತಿಲ್ಲ. ಆ ಚೀಟಿಯ ಒಂದು ಪ್ರತಿ ಬಾಗಿಲ ಮೇಲೆ ಅಂಟಿರುತ್ತದೆ, ಅದನ್ನು ಕಂಡವರು ಮುಖ ತಿರುಗಿಸಿಕೊಂಡು ದಾಟಿಹೋಗುತ್ತಾರೆ. ಮಕ್ಕಳಿಗೆ ಅಕ್ಷರಾಭ್ಯಾಸಕ್ಕೂ ಮುಂಚೆ ಇದನ್ನು ಕಲಿಸುತ್ತೇವೆ. ಕದ್ದು ನೋಡಿದವನಿಗೆ ಇಣುಕಪ್ಪ ಎಂದು ಹೆಸರು ಬೀಳುತ್ತದೆ, ಆ ಹೆಸರು ಮೊಮ್ಮಕ್ಕಳ ಕಾಲಕ್ಕೂ ಅಳಿಸುವುದಿಲ್ಲ. ಕಚೇರಿಯವನೇ ಚೀಟಿಯಿಲ್ಲದೆ ತಿಳಿ ಮಾಡಿದರೆ ಅವನ ಕೆಲಸ ಹೋಗುತ್ತದೆ, ಜೊತೆಗೆ ಅವನ ಸ್ವಂತ ಮನೆಯ ಅಷ್ಟೂ ಗೋಡೆಗಳು ಒಂದು ವರ್ಷ ತೊಂಬತ್ತು ತಿಳಿಯಲ್ಲಿರುತ್ತವೆ. ಹೆಂಡತಿಯೂ ಆ ಮನೆಯಲ್ಲೇ ಬಾಳಬೇಕು.

ನಮ್ಮ ಹಿತ್ತಿಲ ಓಣಿಯ ಆಚೆಗೆ ಒಂದು ಮೂಲೆಮನೆ, ದಾಕ್ಷಾಯಣಮ್ಮನವರದು. ಅವರ ಅಡುಗೆಮನೆಯ ಒಂದು ಗೋಡೆ ನಮ್ಮ ಹಿತ್ತಿಲ ಕಿಟಕಿಗೆ ಎದುರಾಗಿದೆ, ಇನ್ನೊಂದು ಬೀದಿಗೆ. ಅವರು ಸಾರಿನ ಪುಡಿ ಮಾಡಿ ಮಾರುತ್ತಾರೆ. ಪ್ರಮೀಳಾಳೂ ಸಾರಿನ ಪುಡಿ ಮಾಡಿ ಮಾರುತ್ತಿದ್ದಳು. ನಮ್ಮವಳ ಡಬ್ಬಿಗಳು ಅಂಗಡಿಯ ಹಲಗೆಯ ಮೇಲೆ ಬಣ್ಣ ಮಾಸಿ ಮನೆಗೆ ವಾಪಸಾಗುತ್ತಿದ್ದವು, ಅವರ ಪುಡಿಗೆ ಜನ ಮುಂಚೆಯೇ ಹೇಳಿಡುತ್ತಿದ್ದರು. ದಾಕ್ಷಾಯಣಮ್ಮನವರ ಯಜಮಾನರು ಗುರುಶಾಂತಪ್ಪ, ಶಾಲೆಯ ಡ್ರಿಲ್ ಮಾಸ್ತರು. ಹುರಿಮೀಸೆ, ಕೊರಳಲ್ಲಿ ಸೀಟಿ, ಮೈದಾನದ ಆ ತುದಿಯಿಂದ ಕೂಗಿದರೆ ಈ ತುದಿಯ ಹುಡುಗ ನಡುಗಬೇಕು. ನನ್ನ ಎಡಗಿವಿ ಅವರ ಬೆರಳನ್ನು ಚೆನ್ನಾಗಿ ಬಲ್ಲದು. ಎರಡು ವರ್ಷದ ಹಿಂದೆ ಅವರು ಯಾವುದೋ ದೂರದ ಶಾಲೆಗೆ ಕೆಲಸಕ್ಕೆ ಹೋದರು ಎಂದು ದಾಕ್ಷಾಯಣಮ್ಮ ಹೇಳಿದ್ದರು. ನಾವು ಯಾರೂ ಮರುಪ್ರಶ್ನೆ ಕೇಳಲಿಲ್ಲ, ಅವರ ಪುಡಿ ಹೊತ್ತಿಗೆ ಸರಿಯಾಗಿ ಸಿಗುತ್ತಿತ್ತಲ್ಲ.

ಒಂದು ಶುಕ್ರವಾರ ಅಂಗಡಿಯಿಂದ ವಾಪಸು ಬಂದ ಡಬ್ಬಿಗಳನ್ನು ಜೋಡಿಸಿಡುತ್ತ ಪ್ರಮೀಳಾ, "ಅದೇ ಕೊತ್ತಂಬರಿ, ಅದೇ ಮೆಣಸಿನಕಾಯಿ. ಆಯಮ್ಮ ಇನ್ನೇನು ಹಾಕ್ತಾರೋ ಏನೋ," ಎಂದಳು. ಹೇಳಿದ್ದು ನನಗಲ್ಲ, ಡಬ್ಬಿಗಳಿಗೆ. ತಿಳಿ ಮಾಡಿಕೊಡಿ ಎಂದು ಅವಳು ಕೇಳಲಿಲ್ಲ, ಅಂಥ ಯೋಚನೆ ಅವಳ ತಲೆಗೆ ಬರುವುದೂ ಇಲ್ಲ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಆಮೇಲೆ ಎಷ್ಟೋ ದಿನ ತಪ್ಪಿನಲ್ಲಿ ಅವಳಿಗೂ ಒಂದು ಪಾಲು ಹಚ್ಚಲು ಮನಸ್ಸಿನಲ್ಲೇ ಹೆಣಗಿದೆ. ತಪ್ಪೆಲ್ಲ ನನ್ನದೇ. ಹೆಂಡತಿಯ ಮುಂದೆ ಒಂದು ಸಲ ಜಾಣನಾಗಬೇಕು ಅನ್ನಿಸಿತ್ತು.

ಮರುದಿನ ಕಚೇರಿಗೆ ರಜೆ. ಬೀಗದ ಕೈ ನನ್ನ ಹತ್ತಿರವೇ ಇರುತ್ತದೆ, ನನ್ನ ಕಣ್ಣಿನ ಮೇಲೆ ಸಾಹೇಬರಿಗೆ ಅಷ್ಟು ನಂಬಿಕೆ. ಬೆಳಿಗ್ಗೆ ಒಂಬತ್ತಕ್ಕೆ ಹೋಗಿ ಮೂಲೆಮನೆಯ ಫೈಲು ತೆರೆದೆ. ನಮ್ಮ ಹಿತ್ತಿಲಿನ ಕಡೆಯಿಂದ ಹೇಗೆ ಕಾಣುತ್ತದೋ ಹಾಗೆ ಮಾದರಿಯನ್ನು ನಿಲ್ಲಿಸಿಕೊಂಡು, ಅಡುಗೆಮನೆಯ ಗೋಡೆಯ ಮೇಲೆ ಮೌಸ್ ಇಟ್ಟು ಒತ್ತಿದೆ. ಗೋಡೆ ಕಿತ್ತಳೆ ಬಣ್ಣಕ್ಕೆ ತಿರುಗಿತು. ಒತ್ತಿದ ತುಂಡು ಎಲ್ಲಿಯವರೆಗೆ ಹಬ್ಬಿದೆಯೋ ಅಲ್ಲಿಯವರೆಗೂ ಆ ಬಣ್ಣ ಬರುತ್ತದೆ. ಅದಕ್ಕೇ ಸೇವ್ ಒತ್ತುವ ಮೊದಲು ಮಾದರಿಯನ್ನು ಸುತ್ತ ತಿರುಗಿಸಿ ನೋಡಬೇಕು. ಕೆಲಸಕ್ಕೆ ಸೇರಿದ ಮೊದಲ ದಿನ ನಮಗೆ ಹೇಳಿಕೊಡುವ ಪಾಠ ಅದು, ಹೊಸಬರಿಗೆ ಹೇಳಿಕೊಡುವವನೂ ನಾನೇ. ಅವತ್ತು ನಾನು ತಿರುಗಿಸಲಿಲ್ಲ. ನನಗೆ ಬೇಕಾದ ಬದಿ ನನ್ನೆದುರಿಗೇ ಇತ್ತು. ಹಿಂದೆ ಯಾವಾಗಲೋ ಮನೆ ರಿಪೇರಿಯಾದಾಗ ಯಾರೋ ಸೋಮಾರಿ ಆ ಎರಡು ಗೋಡೆಗಳನ್ನೂ ಸೇರಿಸಿ ಒಂದೇ ತುಂಡು ಮಾಡಿಬಿಟ್ಟಿದ್ದ. ತಿರುಗಿಸಿದ್ದರೆ ಬೀದಿ ಬದಿಯ ಗೋಡೆಯೂ ಕಿತ್ತಳೆಯಾಗಿರುವುದು ಕಾಣುತ್ತಿತ್ತು. ಎಂಬತ್ತಕ್ಕೆ ಎಳೆದು ಸೇವ್ ಒತ್ತಿ, ಬೀಗ ಹಾಕಿ, ಸೈಕಲ್ ಹತ್ತಿದೆ.

ಪ್ರಮೀಳಾ ಕೊಳಾಯಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದಳು. ನಾನು ಹಿತ್ತಿಲ ಕಿಟಕಿಯ ಬಾಗಿಲನ್ನು ಎರಡು ಬೆರಳಷ್ಟು ತೆರೆದು, ಒಂದು ಚೀಟಿ, ಪೆನ್ಸಿಲು ಹಿಡಿದು ಕೂತೆ. ಎದುರು ಗೋಡೆ ತಿಳಿನೀರಿನಂತೆ ನಿಂತಿತ್ತು. ಬಾಣಲೆ, ಮೊರ, ಸಾಲು ಡಬ್ಬಿಗಳು, ದಾಕ್ಷಾಯಣಮ್ಮನವರ ಕೈಬಳೆ ಎಲ್ಲವೂ ಸ್ಪಷ್ಟವಾಗಿ ಕಂಡವು. ಕುರ್ಚಿಯ ಮೇಲೆ ಯಾರೋ ನನಗೆ ಓರೆಯಾಗಿ ಕೂತಿದ್ದರು. ಗುರುಶಾಂತಪ್ಪ ಮಾಸ್ತರು ಅವರು. ಮೀಸೆಯನ್ನು ಯಾರೋ ಪೂರ್ತಿ ಬೋಳಿಸಿದ್ದರು. ಬಾಯಿಯ ಒಂದು ಬದಿ ಜಾರಿತ್ತು, ಕೊರಳಿಗೆ ಟವೆಲು ಕಟ್ಟಿತ್ತು, ಒಂದು ಕೈ ತೊಡೆಯ ಮೇಲೆ ಬಿದ್ದ ಹಾಗೆಯೇ ಇತ್ತು. ದಾಕ್ಷಾಯಣಮ್ಮ ಒಂದು ಚಮಚ ಗಂಜಿ ಅವರ ಬಾಯಿಗಿಟ್ಟು, ಗಲ್ಲ ಒರೆಸಿ, ಒಲೆಯ ಕಡೆ ತಿರುಗಿ ಬಾಣಲೆಯಲ್ಲಿ ಕೈಯಾಡಿಸುತ್ತಿದ್ದರು. ಮತ್ತೆ ತಿರುಗಿ ಇನ್ನೊಂದು ಚಮಚ.

ಇಲ್ಲಿಯೇ ಎದ್ದು ಹೋಗಿದ್ದರೂ ನನ್ನ ಪಾಪ ಅರ್ಧಕ್ಕೆ ನಿಲ್ಲುತ್ತಿತ್ತು. ಅಯ್ಯೋ ಪಾಪ, ಮಾಸ್ತರಿಗೆ ಹೀಗಾಗಿದೆಯಲ್ಲ ಎಂದುಕೊಂಡೆ. ಅಂದುಕೊಂಡದ್ದು ನಿಜ. ಆದರೆ ಅವರ ತಲೆ ಬಾಣಲೆಗೆ ಅಡ್ಡವಾಗಿತ್ತು. ನಾನು ಮಣೆಯನ್ನು ಎಡಕ್ಕೆ ಸರಿಸಿಕೊಂಡು ಕೂತು, ಅವರ ಕಿವಿಯ ಪಕ್ಕದಿಂದ ಬಾಣಲೆಯನ್ನು ನೋಡತೊಡಗಿದೆ. ಕಾಲು ಗಂಟೆ ನೋಡಿದೆ. ಮೆಂತ್ಯವನ್ನು ಬೇರೆಯಾಗಿ ಹರಳೆಣ್ಣೆಯಲ್ಲಿ ಹುರಿದರು, ಬರೆದುಕೊಂಡೆ. ಕರಿಬೇವನ್ನು ಹುರಿಯದೆ ಒಣಗಿಸಿಯೇ ಹಾಕಿದರು, ಅದನ್ನೂ ಬರೆದುಕೊಂಡೆ. ಮೆಣಸಿನಕಾಯಿಗಳನ್ನು ಒಂದೊಂದಾಗಿ ಎಣಿಸಿದೆ.

ಅಷ್ಟರಲ್ಲಿ ಬೀದಿ ಕಡೆಯಿಂದ ಗುಜುಗುಜು ಕೇಳಿತು. ಅಡುಗೆಮನೆಯ ಆಚೆ ಜನ ಕಂಡರು, ನನಗೆ ಈಚೆಯಿಂದ ಕಾಣುವಷ್ಟೇ ಸ್ಪಷ್ಟವಾಗಿ. ಬಾಗಿಲ ಮೇಲೆ ಹಳದಿ ಚೀಟಿ ಇರಲಿಲ್ಲವಾದ್ದರಿಂದ ಯಾರಿಗೂ ಮುಖ ತಿರುಗಿಸಿಕೊಳ್ಳಬೇಕೆಂದು ಹೊಳೆದೇ ಇರಲಿಲ್ಲ. ಮೈದಾನಕ್ಕೆ ಹೊರಟಿದ್ದ ಶಾಲೆಯ ಮಕ್ಕಳು ಮುಂದೆ ನಿಂತಿದ್ದವು. ಅವುಗಳ ಹಿಂದೆ ದೊಡ್ಡವರು, ಮಾಸ್ತರ ಕೈಯಲ್ಲಿ ಕಿವಿ ಹಿಂಡಿಸಿಕೊಂಡವರೇ ಎಲ್ಲ. ಮಾತಾಡುತ್ತಿದ್ದವರು ಮಾತು ನಿಲ್ಲಿಸಿದರು. ತರಕಾರಿ ಚೀಲ ಹಿಡಿದಿದ್ದ ಒಬ್ಬ ಚೀಲವನ್ನು ಕೆಳಗಿಟ್ಟು ಕೈ ಇಳಿಬಿಟ್ಟು ನೆಟ್ಟಗೆ ನಿಂತ. ಅವನ ಪಕ್ಕದವನೂ ನಿಂತ. ಯಾರೂ ಹೇಳದೆಯೇ ಅವರೆಲ್ಲ ಡ್ರಿಲ್ಲಿಗೆ ನಿಂತ ಹಾಗೆ ನಿಂತುಬಿಟ್ಟರು.

ಅಷ್ಟು ಹೊತ್ತೂ ಬಾಣಲೆ, ಗಂಜಿ ಬಿಟ್ಟು ಬೇರೆ ಕಡೆ ತಲೆಯೆತ್ತದಿದ್ದ ದಾಕ್ಷಾಯಣಮ್ಮ ಈಗ ಚಮಚ ಎತ್ತುತ್ತ ಬೀದಿಯನ್ನು ಕಂಡರು. ಓಡಿಹೋಗಿ ಒಳಗಿನಿಂದ ದುಪ್ಪಟಿ ತಂದು, ಎರಡೂ ಕೈ ಅಗಲಿಸಿ ಹಿಡಿದು, ಗಂಡನಿಗೂ ಬೀದಿಗೂ ನಡುವೆ ನಿಂತರು. ಬೀದಿಗೆ ಬೆನ್ನು ಹಾಕಿ ನಿಂತದ್ದರಿಂದ ಅವರ ಮುಖ ನನ್ನ ಕಡೆಗಿತ್ತು. ಈ ಕಡೆಯ ಗೋಡೆಯೂ ತಿಳಿಯಾಗಿದೆಯೆಂದು ಅವರಿಗೆ ಆಗ ಗೊತ್ತಾಯಿತು. ಎರಡು ಬೆರಳ ಸಂದಿಯಲ್ಲಿ ನನ್ನ ಕಣ್ಣು ಅವರಿಗೆ ಕಂಡಿತು. ದುಪ್ಪಟಿ ಒಂದೇ, ಬದಿಗಳು ಎರಡು. ಅವರು ಬೀದಿ ಬದಿಯನ್ನೇ ಮರೆಮಾಡಿ ನಿಂತರು. ನನ್ನ ಕಡೆಯದನ್ನು ಹಾಗೇ ಬಿಟ್ಟರು.

ನಾನು ಕಚೇರಿಗೆ ಓಡಿದೆ. ಸೈಕಲ್ ಇದೆ ಎಂಬುದೇ ಮರೆತು ಓಡಿದೆ, ಹತ್ತು ನಿಮಿಷದ ದಾರಿ ಇಪ್ಪತ್ತಾಯಿತು. ಬೀಗ ತೆಗೆದು ಫೈಲು ತೆರೆದೆ. ಗೋಡೆಯನ್ನು ಸೊನ್ನೆಗೆ ತಂದು ಸೇವ್ ಮಾಡಿ, ಅಲ್ಲೇ ಕುರ್ಚಿಯಲ್ಲಿ ಕೂತುಬಿಟ್ಟೆ. ಇಡೀ ಹೊತ್ತು ಆ ಹೆಂಗಸು ಕೈ ಇಳಿಸದೆ ನಿಂತಿದ್ದರು ಎಂದು ಆಮೇಲೆ ಊರವರು ಹೇಳಿದರು.

ಮನೆಗೆ ಬಂದಾಗ ಪ್ರಮೀಳಾ ಕಿಟಕಿಯ ಹತ್ತಿರ ಬಿದ್ದಿದ್ದ ಚೀಟಿಯನ್ನು ಓದುತ್ತಿದ್ದಳು. ಚೀಟಿಯನ್ನು ಒಲೆಗೆ ಹಾಕಿದಳು. ತನ್ನ ಡಬ್ಬಿಗಳನ್ನೂ ಒಂದೊಂದಾಗಿ ತಿಪ್ಪೆಗೆ ಸುರಿದು ಬಂದಳು. ಆಮೇಲೆ ನನ್ನ ತಟ್ಟೆಯನ್ನು ಇಟ್ಟು ಒಳಗೆ ಹೋದಳು. ಎರಡು ದಿನ ಮಾತಿಲ್ಲ.

ಸೋಮವಾರ ನಕ್ಷೆ ಅಧಿಕಾರಿ ವೆಂಕೋಬರಾಯರು ನನ್ನನ್ನು ಎದುರಿಗೆ ನಿಲ್ಲಿಸಿಕೊಂಡರು. ಸಿಟ್ಟಿನ ಮನುಷ್ಯರಲ್ಲ. ಅವರ ದನಿಯಲ್ಲಿ ಸಿಟ್ಟಿದ್ದಿದ್ದರೆ ನನಗೆ ಅನುಕೂಲವಾಗುತ್ತಿತ್ತು.

"ಶನಿವಾರ ಫೈಲು ತೆರೆದಿರೋದು ನಿನ್ನ ಹೆಸರಲ್ಲಿ ಕಣಯ್ಯಾ. ಚೀಟಿ ಎಲ್ಲಿ?"

ಚೀಟಿ ಇಲ್ಲ ಎನ್ನಲು ಬಾಯಿ ತೆರೆದೆ. ಮುಂದಿನ ಒಂದು ವರ್ಷ ಪ್ರಮೀಳಾ ಸೀರೆ ಬದಲಾಯಿಸಲು ಯಾವ ಮೂಲೆಗೆ ಹೋಗಬೇಕು ಎಂಬುದೊಂದೇ ನನ್ನ ತಲೆಯಲ್ಲಿ ಓಡುತ್ತಿತ್ತು. ಅಷ್ಟರಲ್ಲಿ ಬಾಗಿಲ ಹತ್ತಿರ ದಾಕ್ಷಾಯಣಮ್ಮನವರ ದನಿ ಕೇಳಿತು.

"ಚೀಟಿ ನನ್ನ ಹತ್ರ ಇದೆ ರಾಯರೇ. ಕೊಡೋದು ಮರೆತಿದ್ದೆ."

ಹಳದಿ ಚೀಟಿಯನ್ನು ಮೇಜಿನ ಮೇಲಿಟ್ಟರು. ಶುಕ್ರವಾರದ ತಾರೀಖು, ಅವರದೇ ಸಹಿ. ರಾಯರು ಕನ್ನಡಕ ಏರಿಸಿಕೊಂಡು ಎರಡು ಸಲ ಓದಿದರು.

"ನೀವೇ ಕೇಳಿದ್ರಾ ಅಮ್ಮ? ಎಂಬತ್ತು ತಿಳಿ? ಬೀದಿ ಕಡೆಗೂ?"

"ಹೂಂ. ಎರಡೂ ಕಡೆಗೆ."

"ಯಾಕೆ ಅಂತ ಬರೀಬೇಕಾಗತ್ತೆ."

"ನಮ್ಮ ಯಜಮಾನರು ಮನೇಲೇ ಇದಾರೆ ಅಂತ ಊರಿಗೆ ಗೊತ್ತಾಗ್ಲಿ ಅಂತ. ಒಬ್ಬೊಬ್ರ ಮನೆಗೂ ಹೋಗಿ ಹೇಳೋ ತ್ರಾಣ ನನಗಿರ್ಲಿಲ್ಲ."

"ಹಾಗಾದ್ರೆ ಚೀಟಿನ ಬಾಗಿಲಿಗೆ ಯಾಕೆ ಅಂಟಿಸ್ಲಿಲ್ಲ?"

"ಅಂಟಿಸಿದ್ರೆ ಯಾರೂ ನೋಡ್ತಿರ್ಲಿಲ್ವಲ್ಲ," ಎಂದರು ದಾಕ್ಷಾಯಣಮ್ಮ.

ರಾಯರು ಅದನ್ನು ಹಾಗೆಯೇ ಬರೆದುಕೊಂಡರು. ನನ್ನ ಮುಖ ನೋಡಲಿಲ್ಲ. ಅವರು ಅದನ್ನು ನಂಬಿದರೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ಆದರೆ ಬೀಗದ ಕೈಯನ್ನು ಅವತ್ತೇ ನನ್ನಿಂದ ಇಸಿದುಕೊಂಡರು.

ಕಚೇರಿಯ ಜಗುಲಿಯಲ್ಲಿ ದಾಕ್ಷಾಯಣಮ್ಮ ಚಪ್ಪಲಿ ಮೆಟ್ಟುತ್ತಿದ್ದರು. ನಾನು ಹೋಗಿ ಅವರ ಕಾಲಿಗೆ ಬಗ್ಗಿದೆ. ಅವರು ಕಾಲು ಹಿಂದಕ್ಕೆ ತೆಗೆದುಕೊಂಡರು.

"ನಿಮ್ಮನ್ನ ಉಳಿಸೋಕೆ ಮಾಡಿದ್ದಲ್ಲ ಶ್ರೀಪಾಲ. ಯಾರೋ ಕದ್ದು ನೋಡಿದ್ರು ಅಂದ್ರೆ ನಾನು ಯಜಮಾನರನ್ನ ಬಚ್ಚಿಟ್ಟಿದ್ದೆ ಅಂತ ಆಗತ್ತೆ. ನಾನೇ ತೋರಿಸ್ದೆ ಅಂದ್ರೆ ಹಾಗಾಗಲ್ಲ. ಮಾತು ಪೂರ್ತಿ ನಿಲ್ಲೋಕೆ ಮುಂಚೆ ಅವರು ಕೇಳ್ಕೊಂಡಿದ್ದು ಒಂದೇ. ಹುಡುಗ್ರು ನನ್ನ ಹೀಗೆ ನೋಡಬಾರದು ದಾಕ್ಷಾ, ಅಂತ. ಎರಡು ವರ್ಷ ನಡೆಸ್ಕೊಟ್ಟೆ."

"ತಪ್ಪಾಯ್ತು ಅಮ್ಮ," ಎಂದೆ.

"ಯಾಕೆ ನೋಡಿದ್ರಿ ಅಂತ ನಾನು ಕೇಳಲ್ಲ. ಕೇಳಿದ್ರೆ ನನಗೇ ಹೇಸಿಗೆಯಾಗತ್ತೋ ಏನೋ. ಎಷ್ಟು ಹೊತ್ತು ನೋಡ್ತಿದ್ರಿ ಅಂತ ಹೇಳಿ."

"ಕಾಲು ಗಂಟೆ."

ಅವರು ಜಗುಲಿಯ ಕಂಬ ಹಿಡಿದುಕೊಂಡರು. ಆಮೇಲೆ ಮಾತಾಡಿದಾಗ ಅವರ ದನಿ ಬೇರೆಯಾಗಿತ್ತು, ಏನನ್ನೋ ಕೇಳಿಕೊಳ್ಳಲು ಬಂದವರ ದನಿ.

"ಹಾಗಾದ್ರೆ ನಿಮಗೆ ಗೊತ್ತಿರತ್ತೆ. ನಾನು ಎದುರಿಗೆ ಹೋದ್ರೆ ಅವರ ಮುಖದಲ್ಲಿ ಏನೂ ಇರಲ್ಲ. ಕಣ್ಣು ಎತ್ಲಾಗೋ ಇರತ್ತೆ. ಡಾಕ್ಟ್ರು, ಅವರಿಗೆ ಯಾರ ಗುರುತೂ ಇಲ್ಲ ಅಂದ್ಬಿಟ್ರು. ಆದ್ರೆ ಒಲೆ ಕಡೆ ತಿರುಗಿದ್ರೆ ಬೆನ್ನಿನ ಮೇಲೆ ಯಾರೋ ನೋಡ್ತಿದಾರೆ ಅನ್ಸತ್ತೆ ನಂಗೆ. ಫಕ್ಕನೆ ತಿರುಗಿದ್ರೆ ಮತ್ತೆ ಏನೂ ಇಲ್ಲ. ಎರಡು ವರ್ಷದಿಂದ ಇದೇ ಆಗಿದೆ. ಮನೇಲಿ ಮೂರನೆಯವರು ಯಾರೂ ಇಲ್ವಲ್ಲ, ಕೇಳೋಣ ಅಂದ್ರೆ. ನೀವು ಎದುರಿಗೇ ಇದ್ರಿ. ನಾನು ಬೆನ್ನು ಹಾಕ್ದಾಗ ಅವರು ನನ್ನ ನೋಡ್ತಿದ್ರಾ?"

ಕಾಲು ಗಂಟೆ ಆ ಮನುಷ್ಯ ನನ್ನ ಕಣ್ಣೆದುರಿಗೇ ಇದ್ದರು. ಅವರ ಕಿವಿಯ ಮೇಲಿನ ಕೂದಲು ನನಗೆ ನೆನಪಿತ್ತು, ಯಾಕೆಂದರೆ ಅದು ಬಾಣಲೆಗೆ ಅಡ್ಡ ಬರುತ್ತಿತ್ತು. ಕಣ್ಣು ನೆನಪಿರಲಿಲ್ಲ. ನಾನು ಅದನ್ನು ನೋಡಿಯೇ ಇರಲಿಲ್ಲ. ಇಡೀ ಊರಿನಲ್ಲಿ ಆ ಹೆಂಗಸಿಗೆ ಬೇಕಾದ ಒಂದು ಮಾತನ್ನು ಹೇಳಬಲ್ಲವನು ನಾನೊಬ್ಬನೇ ಆಗಿದ್ದೆ, ಆ ಹೊತ್ತಿನಲ್ಲಿ ನಾನು ಮೆಣಸಿನಕಾಯಿ ಎಣಿಸುತ್ತಿದ್ದೆ.

ಅದನ್ನು ಹೇಳಬೇಕಿತ್ತು. ಹೇಳಿದ್ದರೆ ಅವರು ಉಗಿಯುತ್ತಿದ್ದರು, ನಾನು ಒರೆಸಿಕೊಂಡು ಮನೆಗೆ ಹೋಗುತ್ತಿದ್ದೆ. ಆದರೆ ಅವರು ನನ್ನ ಮುಖವನ್ನೇ ನೋಡುತ್ತಿದ್ದರು, ನನಗೆ ತಡೆಯಲಾಗಲಿಲ್ಲ.

"ನೋಡ್ತಿದ್ರು ಅಮ್ಮ," ಎಂದೆ. "ನಿಮ್ಮನ್ನೇ ನೋಡ್ತಿದ್ರು. ನೀವು ತಿರುಗಿದಾಗ್ಲೆಲ್ಲ."

ದಾಕ್ಷಾಯಣಮ್ಮ ಕಂಬ ಬಿಟ್ಟು ಅಲ್ಲೇ ಜಗುಲಿಯ ಮೇಲೆ ಕೂತರು. ಸೆರಗಿನಿಂದ ಮುಖ ಮುಚ್ಚಿಕೊಂಡರು. ತುಸು ಹೊತ್ತಾದ ಮೇಲೆ ಎದ್ದು, ನನ್ನ ತೋಳಿನ ಮೇಲೆ ಒಂದು ಸಲ ಕೈಯಿಟ್ಟು, ಮೆಟ್ಟಿಲಿಳಿದು ಹೋದರು. ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ.

ಸಂಜೆಗೆ ಈ ಸುದ್ದಿ ಅವರ ಬಾಯಿಂದಲೇ ಪ್ರಮೀಳಾಳ ಕಿವಿಗೆ ಬಿತ್ತು. ಮೂರನೆಯ ದಿನ, ಅವತ್ತು, ನನ್ನವಳು ಮಾತಾಡಿದಳು. "ನೀವು ಮಾಡಿದ್ದು ಕೆಟ್ಟ ಕೆಲ್ಸನೇ. ಆದ್ರೂ ಆಯಮ್ಮಂಗೆ ಅಷ್ಟಾದ್ರೂ ಒಳ್ಳೇದಾಯ್ತಲ್ಲ ಬಿಡಿ," ಎಂದು ಬಿಸಿ ಅನ್ನ ಬಡಿಸಿದಳು. ಈಗ ನಿಜ ಹೇಳಬೇಕೆಂದರೆ ಇಬ್ಬರಿಗೆ ಹೇಳಬೇಕು. ಒಬ್ಬರಿಗೇ ಹೇಳುವ ಧೈರ್ಯ ಇಲ್ಲದವನಿಗೆ ಇಬ್ಬರಿಗೆ ಹೇಳುವ ಧೈರ್ಯ ಎಲ್ಲಿಂದ ಬರಬೇಕು?

ಈಗ ಆ ಮನೆಗೆ ಜನ ಹೋಗಿಬರುತ್ತಾರೆ. ಹಳೆಯ ಹುಡುಗರು ಸರದಿಯಲ್ಲಿ ಬಂದು ಮಾಸ್ತರನ್ನು ಎತ್ತಿ ಬಿಸಿಲಿಗೆ ಕೂರಿಸುತ್ತಾರೆ. ಪ್ರಮೀಳಾ ಬೆಳಗಿನ ಹೊತ್ತು ಅಲ್ಲಿಗೆ ಹೋಗಿ ಪುಡಿಗೆ ಕೈ ಹಚ್ಚುತ್ತಾಳೆ, ಹುರಿಯುವ ಹದವನ್ನೆಲ್ಲ ದಾಕ್ಷಾಯಣಮ್ಮನೇ ಅವಳಿಗೆ ಹೇಳಿಕೊಟ್ಟಿದ್ದಾರೆ. ನಾನೂ ಹೋಗಬಹುದು, ಯಾರೂ ಬೇಡವೆಂದಿಲ್ಲ. ಹೋದರೆ ಮಾಸ್ತರ ಎದುರಿಗೆ ಕೂತು, ಆಕೆ ಒಲೆಯ ಕಡೆ ತಿರುಗಿದಾಗ ಅವರ ಕಣ್ಣು ಎತ್ತ ಹೋಗುತ್ತದೆ ಎಂದು ನೋಡಬೇಕಾಗುತ್ತದೆ. ಒಂದು ವೇಳೆ ಎತ್ತಲೂ ಹೋಗದಿದ್ದರೆ?

ಮೊನ್ನೆ ಊಟಕ್ಕೆ ಕೂತಾಗ ಪ್ರಮೀಳಾ ಸಾರು ಬಡಿಸುತ್ತ ಹೇಳಿದಳು.

"ದಾಕ್ಷಾಯಣಮ್ಮ ಈಗ ಮಾಸ್ತರ ಎದುರಿಗೆ ಕೂರೋದೇ ಬಿಟ್ಟಿದಾರೆ ಕಣ್ರೀ. ಗಂಜಿ ಕುಡಿಸೋಕೂ ಆ ಹುಡುಗ್ರಿಗೇ ಹೇಳ್ತಾರೆ. ತಾವು ಒಲೆ ಕಡೆ ಮುಖ ಮಾಡ್ಕೊಂಡು, ಬೆನ್ನು ಹಾಕ್ಕೊಂಡೇ ಕೂತಿರ್ತಾರೆ ದಿನವಿಡೀ. ತಿರುಗಿದ್ರೆ ಅವರು ನೋಡೋದು ನಿಲ್ಲಿಸಿಬಿಡ್ತಾರಂತೆ."

ನಾನು ತಟ್ಟೆಯನ್ನೇ ನೋಡುತ್ತಾ ಹೂಂ ಎಂದೆ.